ದಂಡ ಮನೆಗೆ, ಹೊಗೆ ಬೀದಿಗೆ: ಕರಾವಳಿಯ ಡೆಂಗಿ ಲೆಕ್ಕ ಎಲ್ಲಿ ತಪ್ಪುತ್ತಿದೆ?

ಮಳೆಗಾಲ ಬಂತೆಂದರೆ ಉತ್ತರ ಕನ್ನಡದ ಪೇಪರುಗಳಲ್ಲಿ ಎರಡು ಬಗೆಯ ಸುದ್ದಿ ಶುರುವಾಗುತ್ತದೆ. ಒಂದರಲ್ಲಿ ಊರಿನವರು ನಗರಸಭೆಗೋ ಪಂಚಾಯಿತಿಗೋ ಮನವಿ ಕೊಡುತ್ತಾರೆ: ಸೊಳ್ಳೆ ಕಾಟ ವಿಪರೀತ, ಕೂಡಲೇ ಫಾಗಿಂಗ್ (ಔಷಧಿ ಹೊಗೆ) ಮಾಡಿಸಿ. ಇನ್ನೊಂದರಲ್ಲಿ ಆರೋಗ್ಯ ಇಲಾಖೆ ಎಚ್ಚರಿಸುತ್ತದೆ: ನಿಮ್ಮ ಮನೆಯ ಬ್ಯಾರೆಲ್ ನೋಡಿಕೊಳ್ಳಿ, ಸೊಳ್ಳೆಯ ಮರಿಹುಳು (ಲಾರ್ವಾ) ಸಿಕ್ಕರೆ ದಂಡ. ಚರಂಡಿ ಗಬ್ಬು ನಾರುತ್ತಿರುವಾಗ ನನ್ನ ಮನೆಯ ಕುಡಿಯುವ ನೀರಿಗೇಕೆ ದಂಡ ಅಂತ ಜನ ಕೇಳುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಉತ್ತರ ಸಿಗಬೇಕಾದರೆ ಮೊದಲು ಯಾವ ಸೊಳ್ಳೆಯ ಬಗ್ಗೆ ಮಾತಾಡುತ್ತಿದ್ದೇವೆ ಅನ್ನುವುದು ಗೊತ್ತಾಗಬೇಕು.

ದಂಡ ಬಂದಿದ್ದು ಎಲ್ಲಿಂದ

2024ರಲ್ಲಿ ರಾಜ್ಯದಲ್ಲಿ ಡೆಂಗಿ ಪ್ರಕರಣ 25 ಸಾವಿರ ದಾಟಿತು. ಆ ಸೆಪ್ಟೆಂಬರಿನಲ್ಲಿ ಸರ್ಕಾರ ಸಾಂಕ್ರಾಮಿಕ ರೋಗಗಳ ನಿಯಮಕ್ಕೆ ತಿದ್ದುಪಡಿ ತಂದು ಡೆಂಗಿಯನ್ನು ಅದರೊಳಗೆ ಸೇರಿಸಿತು. ಸುದ್ದಿ ಕೇಳಿ ಹಲವರು ಗಾಬರಿಯಾದರು. ಕೊರೊನಾ ಥರ ಒಬ್ಬರಿಂದ ಒಬ್ಬರಿಗೆ ಹರಡುತ್ತಾ, ಮುಟ್ಟಿದರೆ ಬರುತ್ತಾ ಎಂಬ ಪ್ರಶ್ನೆಗಳೆದ್ದವು. ಅಂಥದ್ದೇನೂ ಇಲ್ಲ. ಡೆಂಗಿ ಸೊಳ್ಳೆ ಕಚ್ಚಿಯೇ ಬರಬೇಕು. ತಿದ್ದುಪಡಿಯಿಂದ ಆದದ್ದು ಇಷ್ಟೇ: ಅಧಿಕಾರಿಗಳು ಆವರಣದೊಳಗೆ ಬಂದು ನೋಡಬಹುದು, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಹಾಕಬಹುದು.

ದಂಡದ ಪಟ್ಟಿಯಲ್ಲಿ ಮೂರು ಹಂತಗಳಿವೆ. ಮನೆಗಳಿಗೆ ಪಟ್ಟಣದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ಅಂಗಡಿ, ಕಚೇರಿ, ಶಾಲೆ, ಆಸ್ಪತ್ರೆಗಳಿಗೆ 1,000 ಮತ್ತು 500. ಕಟ್ಟಡ ಕಾಮಗಾರಿಯ ಜಾಗ, ಖಾಲಿ ಬಿಟ್ಟ ನಿವೇಶನಗಳಿಗೆ 2,000 ಮತ್ತು 1,000. ಕೊನೆಯದಕ್ಕೆ ಮನೆಯ ಐದು ಪಟ್ಟು ದಂಡ ಇದೆ. ಈ ಐದು ಪಟ್ಟಿನ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸೊಳ್ಳೆ ಒಂದೇ ಅಲ್ಲ

ಸಂಜೆ ಕಿವಿ ಹತ್ತಿರ ಗುಂಯ್‌ಗುಡುವ, ರಾತ್ರಿ ನಿದ್ದೆ ಕೆಡಿಸುವ ಸೊಳ್ಳೆ ಹೆಚ್ಚಾಗಿ ಕ್ಯೂಲೆಕ್ಸ್. ಅದು ಚರಂಡಿ, ಶೌಚಗುಂಡಿಯಂಥ ಕೊಳಕು ನೀರಿನಲ್ಲಿ ಹುಟ್ಟುತ್ತದೆ. ಆನೆಕಾಲು ರೋಗ ಹರಡುವುದು ಇದೇ. ನಗರಸಭೆಗೆ ಮನವಿ ಹೋಗುವುದು ಬಹುಪಾಲು ಈ ಸೊಳ್ಳೆಯ ಕಾಟಕ್ಕೆ. ಚರಂಡಿ ಸ್ವಚ್ಛ ಮಾಡಿದರೆ ಇದು ಕಡಿಮೆಯಾಗುತ್ತದೆ. ಡೆಂಗಿ ಮಾತ್ರ ಕಡಿಮೆಯಾಗುವುದಿಲ್ಲ.

ಮಲೇರಿಯಾ ತರುವುದು ಅನಾಫಿಲಿಸ್. ಈ ಜಿಲ್ಲೆಗೂ ಅದಕ್ಕೂ ಹಳೆಯ ಲೆಕ್ಕ ಇದೆ. ಘಟ್ಟದ ತಪ್ಪಲಿನಲ್ಲಿ ನಿಧಾನ ಹರಿಯುವ ಹಳ್ಳದ ತಿಳಿನೀರಿನಲ್ಲಿ ಬೆಳೆಯುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಒಂದು ಕಾಲಕ್ಕೆ ಊರಿಗೆ ಊರನ್ನೇ ಚಳಿಜ್ವರದಲ್ಲಿ ಮಲಗಿಸುತ್ತಿತ್ತು. 1940ರ ದಶಕದ ಮಧ್ಯದಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಅವರ ತಂಡ ಆಗಿನ ಮುಂಬೈ ಪ್ರಾಂತ್ಯದ ಕೆನರಾ (ಈಗಿನ ಉತ್ತರ ಕನ್ನಡ) ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯ ಒಳಗೋಡೆಗೆ ಡಿಡಿಟಿ ಸಿಂಪಡಿಸಿತು. ಇಲ್ಲಿ ಸಿಕ್ಕ ಯಶಸ್ಸು 1953ರಲ್ಲಿ ಶುರುವಾದ ರಾಷ್ಟ್ರೀಯ ಮಲೇರಿಯಾ ಕಾರ್ಯಕ್ರಮಕ್ಕೆ ದಾರಿ ಮಾಡಿಕೊಟ್ಟಿತು. ರಾತ್ರಿ ರಕ್ತ ಹೀರಿದ ಸೊಳ್ಳೆ ಗೋಡೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತದೆ. ಆ ಗೋಡೆಗೇ ವಿಷ ಬಳಿದರೆ ಸಾಯುತ್ತದೆ. ಸರ್ಕಾರಿ ಸಿಬ್ಬಂದಿ ಬಂದು ಸಿಂಪಡಿಸಿ ಹೋದರೆ ಆಯ್ತು, ಮನೆಯವರು ಬಾಗಿಲು ತೆಗೆದರೆ ಸಾಕಿತ್ತು.

ನಮ್ಮ ತಲೆಯಲ್ಲಿ ಇನ್ನೂ ಕೂತಿರುವುದು ಈ ಮಾದರಿಯೇ. ಸೊಳ್ಳೆ ಅಂದರೆ ಸರ್ಕಾರ ಬಂದು ಔಷಧಿ ಹೊಡೆಯಬೇಕು. ಮಲೇರಿಯಾಕ್ಕೆ ಅದು ನಡೆಯಿತು. ಈಗ ಮಲೇರಿಯಾ ಬಹಳ ಇಳಿದಿದೆ. ಸಿಗುವ ಪ್ರಕರಣಗಳಲ್ಲಿ ಹೊರಗಿನಿಂದ ದುಡಿಯಲು ಬಂದವರು, ಬೇರೆ ಬಂದರುಗಳಿಗೆ ಹೋಗಿ ಬಂದವರು ಇರುತ್ತಾರೆ. ವೈವ್ಯಾಕ್ಸ್ ಬಗೆಯ ಮಲೇರಿಯಾಕ್ಕೆ ಪ್ರೈಮಾಕ್ವಿನ್ ಮಾತ್ರೆಯನ್ನು 14 ದಿನ ತೆಗೆದುಕೊಳ್ಳಬೇಕು. ಜ್ವರ ಮೂರೇ ದಿನಕ್ಕೆ ಬಿಡುತ್ತದೆ, ಮಾತ್ರೆಯೂ ಅಲ್ಲಿಗೇ ನಿಲ್ಲುತ್ತದೆ. ಯಕೃತ್ತಿನಲ್ಲಿ (ಲಿವರ್) ಅಡಗಿದ್ದ ರೋಗಾಣು ತಿಂಗಳುಗಳ ನಂತರ ಮತ್ತೆ ಏಳುತ್ತದೆ.

ಡೆಂಗಿಯ ಈಡಿಸ್ ಈ ಎರಡಕ್ಕೂ ಸೇರದ ಜಾತಿ. ಕಪ್ಪು ಮೈ, ಕಾಲಿನ ಮೇಲೆ ಬಿಳಿ ಪಟ್ಟೆ. ಹಗಲಲ್ಲಿ ಕಚ್ಚುತ್ತದೆ. ಬೆಳಿಗ್ಗೆ ಬಿಸಿಲು ಏರುವ ಹೊತ್ತು ಮತ್ತು ಸಂಜೆ ಕತ್ತಲಾಗುವ ಮೊದಲು ಜಾಸ್ತಿ. ಮೊಣಕಾಲ ಕೆಳಗೆ, ಸದ್ದಿಲ್ಲದೆ. ಹಾರಿದರೂ ಕೆಲವು ನೂರು ಮೀಟರ್ ಅಷ್ಟೇ. ಅಂದರೆ ನಿಮಗೆ ಕಚ್ಚಿದ ಡೆಂಗಿ ಸೊಳ್ಳೆ ಹೆಚ್ಚುಕಡಿಮೆ ನಿಮ್ಮ ಕೇರಿಯಲ್ಲೇ ಹುಟ್ಟಿದ್ದು. ಚಿಕುನ್‌ಗುನ್ಯಾ ತರುವುದೂ ಇದೇ. 2006ರಲ್ಲಿ ದೇಶದಲ್ಲಿ ಸುಮಾರು 14 ಲಕ್ಷ ಶಂಕಿತ ಚಿಕುನ್‌ಗುನ್ಯಾ ಪ್ರಕರಣ ದಾಖಲಾದಾಗ ಕರ್ನಾಟಕವೇ ಹೆಚ್ಚು ನಲುಗಿತ್ತು. ಗಂಟು ಹಿಡಿದು ತಿಂಗಳುಗಟ್ಟಲೆ ಒದ್ದಾಡಿದವರು ಇನ್ನೂ ಅದನ್ನು ಮರೆತಿಲ್ಲ.

ಮಳೆಗೆ ಮೊದಲೇ ಜ್ವರ ಯಾಕೆ

ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಏಪ್ರಿಲ್–ಮೇ ಬಂದರೆ ಬಾವಿ ತಳ ಕಾಣುತ್ತದೆ, ನದಿ ಅಳಿವೆಯ ಹತ್ತಿರದ ಊರುಗಳಲ್ಲಿ ಬಾವಿ ನೀರು ಉಪ್ಪಾಗುತ್ತದೆ. ಟ್ಯಾಂಕರ್ ಬರುತ್ತದೆ, ಅಥವಾ ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು. ಆಗ ಮನೆಯಲ್ಲಿರುವ ಪಾತ್ರೆ, ಹಂಡೆ, ನೀಲಿ ಬ್ಯಾರೆಲ್ ಎಲ್ಲ ತುಂಬುತ್ತವೆ. ತುಂಬಿದ ನೀರನ್ನು ಯಾರೂ ಚೆಲ್ಲುವುದಿಲ್ಲ. ಚೆಲ್ಲಿ ಅಂತ ಹೇಳುವುದಾದರೂ ಹೇಗೆ, ಅಲ್ವಾ?

ಈಡಿಸ್ ಬಯಸುವುದು ಇಂಥದ್ದೇ ಜಾಗವನ್ನು. ತಿಳಿಯಾದ ನೀರು, ನೆರಳು, ಪಾತ್ರೆಯ ಗೋಡೆ. ಹೆಣ್ಣು ಸೊಳ್ಳೆ ಮೊಟ್ಟೆ ಇಡುವುದು ನೀರಿನ ಮೇಲಲ್ಲ, ನೀರಿನ ಗೆರೆಗಿಂತ ಸ್ವಲ್ಪ ಮೇಲೆ, ಒದ್ದೆ ಗೋಡೆಗೆ. ಒಂದು ಬ್ಯಾರೆಲಿನ ಒಳಬದಿಗೆ ಟಾರ್ಚ್ ಹಿಡಿದು ನೋಡಿದರೆ ಮಸಿ ಉಜ್ಜಿದ ಹಾಗೆ ಕಪ್ಪು ಚುಕ್ಕೆಗಳ ಗೆರೆ ಕಾಣಬಹುದು. ಒಂದೊಂದು ಚುಕ್ಕೆಯೂ ಒಂದು ಮೊಟ್ಟೆ, ಒಂದು ಮಿಲಿಮೀಟರಿಗೂ ಚಿಕ್ಕದು. ಮುಚ್ಚಳ ತೆಗೆದು ನೆರಳು ಬಿದ್ದ ಕೂಡಲೇ ಲಾರ್ವಾಗಳು ಮೈ ತಿರುಚುತ್ತ ತಳಕ್ಕೆ ಇಳಿಯುತ್ತವೆ. ಹಾಗಾಗಿ ಬಗ್ಗಿ ನೋಡಿದವರಿಗೆ ನೀರು ಸ್ವಚ್ಛವಾಗಿಯೇ ಕಾಣುತ್ತದೆ. ಸುಮ್ನೆ ಒಂದೆರಡು ನಿಮಿಷ ನಿಂತರೆ ಉಸಿರಾಡಲು ಮತ್ತೆ ಮೇಲೆ ಬರುತ್ತವೆ. ಬಾಲದ ತುದಿ ನೀರಿನ ಮೇಲ್ಮೈಗೆ ತಾಗಿಸಿ ತಲೆಕೆಳಗಾಗಿ ನೇತಾಡುತ್ತವೆ.

ಮೊಟ್ಟೆಗೆ ಇನ್ನೊಂದು ಗುಣ ಇದೆ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ನೀರು ಮತ್ತೆ ಆ ಮಟ್ಟಕ್ಕೆ ಏರಿದಾಗ ಒಡೆಯುತ್ತದೆ. ಅಲ್ಲಿಂದ ರೆಕ್ಕೆ ಬಂದು ಹಾರಲು ಏಳರಿಂದ ಹತ್ತು ದಿನ ಸಾಕು. ಬೇಸಿಗೆಯ ಬ್ಯಾರೆಲಿನಲ್ಲಿ ಸೊಳ್ಳೆ ಹೀಗೆ ಸಂಸಾರ ಹೂಡಿರುತ್ತದೆ. ಜೂನ್‌ನಲ್ಲಿ ಮಳೆ ಬಂದು ಹೊರಗಿನ ಟೈರು, ಗರಟೆ, ಒಡೆದ ಬಕೆಟ್ ತುಂಬಿದ ಕೂಡಲೇ ಹರಡುತ್ತದೆ. ಧೋ ಎಂದು ಸುರಿಯುವ ಮಳೆ ಲಾರ್ವಾಗಳನ್ನು ಎಷ್ಟೋ ಸಲ ಕೊಚ್ಚಿಕೊಂಡು ಹೋಗುತ್ತದೆ. ಮಳೆ ಎರಡು ವಾರ ಬಿಡುವು ಕೊಟ್ಟರೆ ಪ್ರಕರಣ ಏರುತ್ತದೆ. ಬಿಸಿಲು ಬಿದ್ದ ಮೇಲೆ ಜ್ವರ ಹೆಚ್ಚಾಯಿತು ಎಂಬ ವಿಚಿತ್ರ ಸುದ್ದಿಯ ಹಿಂದಿನ ಕಾರಣ ಇದು.

ನೀರು ಚೆಲ್ಲಿ ಹೊಸ ನೀರು ತುಂಬಿದರೆ ಸಾಲದು, ಒಳಗೋಡೆಯನ್ನು ನಾರು ಹಾಕಿ ತಿಕ್ಕಬೇಕು ಅನ್ನುವುದೂ ಈ ಮೊಟ್ಟೆಯ ಕಾರಣಕ್ಕೆ. ವಾರಕ್ಕೊಮ್ಮೆ ಅಂತ ಹೇಳುವುದು ಆ ಏಳು ದಿನದ ಲೆಕ್ಕಕ್ಕೆ. ಚೆಲ್ಲಲು ಆಗದ ನೀರಿಗೆ ಬಿಗಿಯಾದ ಮುಚ್ಚಳ ಬೇಕು. ಇಲ್ಲದಿದ್ದರೆ ಬಟ್ಟೆ ಹಾಕಿ ಹಗ್ಗದಲ್ಲಿ ಸುತ್ತ ಬಿಗಿದರೂ ಆಗುತ್ತದೆ. ಮೇಲೆ ಹಲಗೆ ಇಟ್ಟರೆ ಸಂದಿಯಲ್ಲಿ ಸೊಳ್ಳೆ ನುಗ್ಗುತ್ತದೆ.

ಹೊಗೆಯಿಂದ ಏನಾಗುತ್ತದೆ

ಫಾಗಿಂಗ್ ಯಂತ್ರ ಡೀಸೆಲಿನಲ್ಲಿ ಬೆರೆಸಿದ ಕೀಟನಾಶಕವನ್ನು ಬಿಸಿ ಮಾಡಿ ಹೊಗೆಯಾಗಿ ಬಿಡುತ್ತದೆ. ಆ ಹೊತ್ತಿಗೆ ಗಾಳಿಯಲ್ಲಿ ಹಾರುತ್ತಿರುವ ಸೊಳ್ಳೆಗೆ ಹನಿ ತಾಗಿದರೆ ಸಾಯುತ್ತದೆ. ನೀರಿನೊಳಗಿನ ಲಾರ್ವಾಕ್ಕೆ, ಗೋಡೆಗೆ ಅಂಟಿದ ಮೊಟ್ಟೆಗೆ ಏನೂ ಆಗುವುದಿಲ್ಲ. ನಾಳೆ ಬೆಳಿಗ್ಗೆ ಹೊಸ ತಂಡ ಹಾರುತ್ತದೆ.

ಮೇಲಾಗಿ ಈಡಿಸ್ ಬೀದಿಯಲ್ಲಿ ಇರುವುದೇ ಕಡಿಮೆ. ಮಂಚದ ಕೆಳಗೆ, ನೇತುಹಾಕಿದ ಬಟ್ಟೆಯ ಹಿಂದೆ, ಕತ್ತಲೆ ಮೂಲೆಯಲ್ಲಿ ಕೂತಿರುತ್ತದೆ. ಫಾಗಿಂಗ್ ಗಾಡಿ ಬಂದ ಸದ್ದು ಕೇಳಿದ ಕೂಡಲೇ ನಾವು ವಾಸನೆ ಬರುತ್ತದೆಂದು ಕಿಟಕಿ ಬಾಗಿಲು ಹಾಕುತ್ತೇವೆ. ಒಳಗಿನ ಸೊಳ್ಳೆ ಸುರಕ್ಷಿತ. ಆ ಹೊಗೆ ಕೆಲಸ ಮಾಡಬೇಕಾದರೆ ಬಾಗಿಲು ತೆರೆದಿಡಬೇಕು.

ಹಾಗಂತ ಫಾಗಿಂಗ್ ಪೂರ್ತಿ ವ್ಯರ್ಥ ಅಲ್ಲ. ಒಂದು ಕೇರಿಯಲ್ಲಿ ಡೆಂಗಿ ಖಚಿತವಾದಾಗ, ವೈರಸ್ ಹೊತ್ತ ಸೊಳ್ಳೆಗಳನ್ನು ತಕ್ಷಣ ಕಡಿಮೆ ಮಾಡಲು ರೋಗಿಯ ಮನೆ ಮತ್ತು ಸುತ್ತಲಿನ ಮನೆಗಳ ಒಳಗೆ ಕೀಟನಾಶಕ ಸಿಂಪಡಿಸುವುದಕ್ಕೆ ಅರ್ಥ ಇದೆ. ತುರ್ತಿಗೆ ಅದು ಸರಿ. ಇಡೀ ಊರಿಗೆ ವಾರಕ್ಕೊಮ್ಮೆ ಬೀದಿಯಲ್ಲಿ ಹೊಗೆ ಬಿಡುವುದು ಬೇರೆ ಮಾತು. ಆದರೂ ಅದು ನಿಲ್ಲುವುದಿಲ್ಲ, ಯಾಕೆಂದರೆ ಹೊಗೆ ಕಣ್ಣಿಗೆ ಕಾಣುತ್ತದೆ, ಫೋಟೋದಲ್ಲಿ ಚೆನ್ನಾಗಿ ಬರುತ್ತದೆ. ಬ್ಯಾರೆಲ್ ತಿಕ್ಕುವವರ ಫೋಟೋ ಯಾರು ಹಾಕುತ್ತಾರೆ?

ಹೊಣೆ ಯಾರದ್ದು

ಇಲ್ಲಿವರೆಗಿನ ಮಾತು ಕೇಳಿದರೆ ಇಲಾಖೆಯ ವಾದವೇ ಪೂರ್ತಿ ಸರಿ ಅನ್ನಿಸಬಹುದು. ಸೊಳ್ಳೆ ಮನೆಯಲ್ಲಿ ಹುಟ್ಟುತ್ತದೆ, ಮನೆಯವರು ನೋಡಿಕೊಳ್ಳಲಿ. ಸಿಬ್ಬಂದಿ ಎಷ್ಟು ಮನೆಯ ಎಷ್ಟು ಪಾತ್ರೆ ನೋಡಲು ಸಾಧ್ಯ ಎಂಬ ಅವರ ಪ್ರಶ್ನೆಯಲ್ಲೂ ಹುರುಳಿದೆ.

ಆದರೆ ಮನೆಯವರು ನೀರು ಕೂಡಿಡುವುದು ಚಟಕ್ಕಲ್ಲ. ನಲ್ಲಿಯಲ್ಲಿ ದಿನಾ ನೀರು ಬಂದರೆ ಅಂಗಳದಲ್ಲಿ ನಾಲ್ಕು ಬ್ಯಾರೆಲ್ ಯಾಕೆ ಇರುತ್ತವೆ? ನೀರಿನ ಪೂರೈಕೆ ಅನಿಯಮಿತವಾದಷ್ಟೂ ಕೂಡಿಟ್ಟ ನೀರು ಹೆಚ್ಚು, ಕೂಡಿಟ್ಟ ನೀರು ಹೆಚ್ಚಾದಷ್ಟೂ ಈಡಿಸ್ ಹೆಚ್ಚು. ಈ ಸರಪಳಿಯ ಮೊದಲ ಕೊಂಡಿ ಸ್ಥಳೀಯ ಸಂಸ್ಥೆಯ ಕೈಯಲ್ಲಿದೆ. ದಂಡ ಬೀಳುವುದು ಕೊನೆಯ ಕೊಂಡಿಗೆ. ಟ್ಯಾಂಕರ್ ನೀರಿಗೆ ಕಾಯುವ ಮನೆಗೆ 200 ರೂಪಾಯಿ ದಂಡ ಹಾಕಿದರೆ ಅವರು ಮುಂದಿನ ಸಲ ಬಾಗಿಲು ತೆಗೆಯುವುದಿಲ್ಲ. ಆಶಾ ಕಾರ್ಯಕರ್ತೆಗೆ ಬಾಗಿಲು ಮುಚ್ಚಿದರೆ ಸಮೀಕ್ಷೆಯೇ ಮುಗಿದ ಹಾಗೆ.

ಇನ್ನು ಯಾರೂ ವಾಸವಿಲ್ಲದ ಜಾಗಗಳು. ಕಾರವಾರದಿಂದ ಭಟ್ಕಳದವರೆಗೆ ಬೀಗ ಹಾಕಿದ ಮನೆಗಳಿಗೆ ಬರವಿಲ್ಲ. ಯಜಮಾನರು ಮುಂಬೈಯಲ್ಲೋ ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇರುತ್ತಾರೆ. ಚೌತಿಗೋ ಜಾತ್ರೆಗೋ ಒಮ್ಮೆ ಮನೆ ತೆರೆಯುತ್ತದೆ. ಉಳಿದ ದಿನ ತಾರಸಿಯ ಟ್ಯಾಂಕಿನ ಮುಚ್ಚಳ ಗಾಳಿಗೆ ಹಾರಿರುತ್ತದೆ, ಬಳಸದ ಶೌಚಾಲಯದ ಫ್ಲಶ್ ಟ್ಯಾಂಕಿನಲ್ಲಿ ನೀರು ನಿಂತಿರುತ್ತದೆ. ಸಮೀಕ್ಷೆಗೆ ಬಂದವರು ಬೀಗ ಕಂಡು ಮುಂದೆ ಹೋಗುತ್ತಾರೆ. ಅಕ್ಕಪಕ್ಕದ ನಾಲ್ಕು ಮನೆಯವರು ಎಷ್ಟು ತಿಕ್ಕಿದರೂ ಸೊಳ್ಳೆ ಅಲ್ಲಿಂದ ಬರುತ್ತದೆ.

ಬಂದರಿನ ಕಡೆ ನೋಡಿ. ಮಳೆಗಾಲದ ನಿಷೇಧದ ಹೊತ್ತಿನಲ್ಲಿ ದೋಣಿಗಳು ದಡದಲ್ಲಿರುತ್ತವೆ. ಜೆಟ್ಟಿಗೆ ತಾಗದಿರಲಿ ಎಂದು ದೋಣಿಯ ಪಕ್ಕಕ್ಕೆ ಕಟ್ಟುವ ಹಳೆ ಟೈರುಗಳು, ಮಡಿಕೆ ಮಡಿಕೆಯಾಗಿ ನೀರು ಹಿಡಿಯುವ ನೀಲಿ ತಾಡಪಾಲು, ಬಿಸಾಡಿದ ಥರ್ಮಾಕೋಲ್ ಮೀನಿನ ಪೆಟ್ಟಿಗೆ. ಸಮುದ್ರದ ಉಪ್ಪುನೀರು ಈ ಸೊಳ್ಳೆಗೆ ಅಷ್ಟಾಗಿ ಬೇಡ, ಆದರೆ ಇವುಗಳಲ್ಲಿ ನಿಲ್ಲುವುದು ಮಳೆಯ ಸಿಹಿನೀರು. ಗೋಕರ್ಣ, ಮುರ್ಡೇಶ್ವರದ ದಾರಿಬದಿಯ ಸಿಯಾಳದ ಬುರುಡೆ ರಾಶಿಯೂ ಹಾಗೆಯೇ. ಕಟ್ಟಡ ಕಾಮಗಾರಿಯಲ್ಲಿ ಕಾಂಕ್ರೀಟ್ ಗಟ್ಟಿಯಾಗಲೆಂದು (ಕ್ಯೂರಿಂಗ್) ನಿಲ್ಲಿಸಿದ ನೀರು, ಲಿಫ್ಟ್ ಗುಂಡಿ ಇನ್ನೂ ದೊಡ್ಡವು. ಅಲ್ಲಿ ಈಡಿಸ್ ಮಾತ್ರ ಅಲ್ಲ, ಪಟ್ಟಣದ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಸ್ಟೀಫನ್ಸಿಯೂ ಬೆಳೆಯುತ್ತದೆ. ಮಂಗಳೂರನ್ನು ವರ್ಷಗಟ್ಟಲೆ ಕಾಡಿದ ಮಲೇರಿಯಾಕ್ಕೂ ಕಟ್ಟಡ ಕಾಮಗಾರಿಗಳಿಗೂ ನಂಟಿತ್ತು.

ನಿಯಮ ಬರೆದವರಿಗೆ ಇದು ಗೊತ್ತಿತ್ತು. ಅದಕ್ಕೇ ಕಾಮಗಾರಿ ಜಾಗ, ಖಾಲಿ ನಿವೇಶನಕ್ಕೆ ಐದು ಪಟ್ಟು ದಂಡ ಇಟ್ಟಿದ್ದಾರೆ. ಹಾಗಾದರೆ ದಂಡದ ರಸೀದಿ ಪುಸ್ತಕ ಮೊದಲು ಹೋಗಬೇಕಾದದ್ದು ಅಲ್ಲಿಗೆ. ಮನೆಗೆ ಮೊದಲು ಮುಚ್ಚಳ ಕೊಡಿ, ನೀರು ಬಿಡುವ ದಿನ ಹೇಳಿ, ಆಮೇಲೆ ದಂಡದ ಮಾತು ಆಡಿ. ಪಂಚಾಯಿತಿಯ ಮಟ್ಟದಲ್ಲಿ ಬೀಗ ಹಾಕಿದ ಮನೆಗಳ ಪಟ್ಟಿ ಮಾಡಿ, ಮಾಲೀಕರ ಒಪ್ಪಿಗೆ ಪಡೆದು ಟ್ಯಾಂಕ್ ಮುಚ್ಚಿಸುವುದು ಫಾಗಿಂಗ್‌ಗಿಂತ ಅಗ್ಗದ ಕೆಲಸ.

ಘಟ್ಟದ ಮೇಲೆ ಲೆಕ್ಕ ಬೇರೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಈಡಿಸ್‌ನ ಇನ್ನೊಂದು ಜಾತಿ ಮುಖ್ಯವಾಗುತ್ತದೆ: ಈಡಿಸ್ ಆಲ್ಬೊಪಿಕ್ಟಸ್. ಇದು ಮನೆಗಿಂತ ತೋಟವನ್ನು ಇಷ್ಟಪಡುತ್ತದೆ. ಹೊರಗೇ ಕಚ್ಚುತ್ತದೆ, ಹೊರಗೇ ಕೂರುತ್ತದೆ.

ಅಡಿಕೆ ತೋಟದಲ್ಲಿ ಎಕರೆಗೆ ಐನೂರಕ್ಕೂ ಹೆಚ್ಚು ಮರ. ಒಂದೊಂದು ಮರ ವರ್ಷಕ್ಕೆ ಆರೇಳು ಹಾಳೆ (ಸೋಗೆಯ ಬುಡದ ಅಗಲ ಪೊರೆ) ಬೀಳಿಸುತ್ತದೆ. ಅಂದರೆ ಎಕರೆಗೆ ಮೂರು ಸಾವಿರಕ್ಕೂ ಹೆಚ್ಚು ಹಾಳೆ. ಬೇಸಿಗೆಯಲ್ಲಿ ತಟ್ಟೆ ಮಾಡುವವರು ಒಯ್ಯುತ್ತಾರೆ. ಮಳೆಗಾಲದ ಹಾಳೆಗೆ ಬೂಸ್ಟು ಹಿಡಿಯುವುದರಿಂದ ಯಾರಿಗೂ ಬೇಡ, ಬಿದ್ದಲ್ಲೇ ನೀರು ತುಂಬಿಕೊಂಡು ಕೂರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ತಂದ ಬ್ಯಾರೆಲ್ಲುಗಳೂ ತೋಟದಲ್ಲೇ ಉಳಿಯುತ್ತವೆ. ಇಲ್ಲಿ ವಾರಕ್ಕೊಮ್ಮೆ ಎಲ್ಲ ಹಾಳೆ ಎತ್ತಿ ಎಂದರೆ ಆಳು ಎಲ್ಲಿದ್ದಾರೆ? ಮನೆಯ ಸುತ್ತಲಿನ ತೋಟದಲ್ಲಾದರೂ ಹಾಳೆಯನ್ನು ಬೋರಲು ಹಾಕುವುದು, ಕತ್ತರಿಸಿ ಮರದ ಬುಡಕ್ಕೆ ಹಾಕುವುದು ಸಾಧ್ಯ. ಸೊಳ್ಳೆ ದೂರ ಹಾರದ ಕಾರಣ ಅಷ್ಟರಿಂದಲೂ ಉಪಯೋಗ ಇದೆ. ತೋಟಕ್ಕೆ ಹೋಗುವವರಿಗೆ ಉದ್ದ ತೋಳಿನ ಅಂಗಿ ಮತ್ತು ಮೈಗೆ ಹಚ್ಚುವ ಸೊಳ್ಳೆ ನಿವಾರಕವೇ ಗತಿ.

ಬಾವಿ, ಕೆರೆಗೆ ಲಾರ್ವಾ ತಿನ್ನುವ ಗ್ಯಾಂಬೂಸಿಯಾ ಮೀನು ಬಿಡುವ ಬಗ್ಗೆಯೂ ಎರಡು ಮಾತಿದೆ. 1928ರಲ್ಲಿ ಭಾರತಕ್ಕೆ ಬಂದ ಈ ಹೊರಗಿನ ಮೀನು ಲಾರ್ವಾ ತಿನ್ನುವುದು ನಿಜ. ಜೊತೆಗೆ ಕಪ್ಪೆಯ ಮರಿ, ಬೇರೆ ಮೀನಿನ ಮೊಟ್ಟೆಯನ್ನೂ ಬಿಡುವುದಿಲ್ಲ. ಮುಚ್ಚಿದ ತೊಟ್ಟಿಗೆ, ಮನೆಯ ಬಾವಿಗೆ ಬಿಟ್ಟರೆ ಚಿಂತೆ ಇಲ್ಲ. ಪಶ್ಚಿಮ ಘಟ್ಟದ ಹಳ್ಳಕ್ಕೆ ಬಿಡಬಾರದು.

ಲಸಿಕೆ ಮತ್ತು ಹೊಸ ಸೊಳ್ಳೆ

ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ. ಒಂದು ಬಂದು ಹೋದರೆ ಅದೇ ಬಗೆ ಮತ್ತೆ ಬರುವುದಿಲ್ಲ. ಆದರೆ ಬೇರೆ ಬಗೆ ಬಂದರೆ ಮೊದಲ ಸಲ ವೈರಸ್ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳೇ ರೋಗವನ್ನು ಹೆಚ್ಚು ಮಾಡಬಹುದು. ಎರಡನೇ ಸಲದ ಡೆಂಗಿ ಅಪಾಯ ಅನ್ನುವುದು ಇದಕ್ಕೆ, ಲಸಿಕೆ ಮಾಡುವುದು ಕಷ್ಟವಾಗಿದ್ದೂ ಇದಕ್ಕೆ. ಭಾರತದಲ್ಲೇ ತಯಾರಾದ ಡೆಂಗಿಆಲ್ ಲಸಿಕೆಯ ಮೂರನೇ ಹಂತದ ಪರೀಕ್ಷೆ 2024ರ ಆಗಸ್ಟಿನಲ್ಲಿ ಶುರುವಾಯಿತು. ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳುವ ಯೋಜನೆ ಅದು. ಇನ್ನೊಂದು ದಾರಿ ವೋಲ್ಬಾಕಿಯಾ ಬ್ಯಾಕ್ಟೀರಿಯಾ ಹೊತ್ತ ಸೊಳ್ಳೆಗಳನ್ನು ಬಿಡುವುದು. ಅಂಥ ಸೊಳ್ಳೆಯ ಹೊಟ್ಟೆಯಲ್ಲಿ ಡೆಂಗಿ ವೈರಸ್ ಸರಿಯಾಗಿ ಬೆಳೆಯುವುದಿಲ್ಲ. ಇಂಡೊನೇಷ್ಯಾದ ಯೋಗ್ಯಕರ್ತಾದಲ್ಲಿ ಇದರಿಂದ ಡೆಂಗಿ 77 ಶೇಕಡಾ ಇಳಿಯಿತು. ಪುದುಚೇರಿಯಲ್ಲಿರುವ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಕೇಂದ್ರವೂ ಅಂಥ ಸೊಳ್ಳೆ ತಯಾರಿಸಿದೆ. ಎರಡೂ ಒಳ್ಳೆಯ ಸುದ್ದಿಯೇ. ಆದರೆ ಅವನ್ನು ನಂಬಿ ಬ್ಯಾರೆಲ್ ಮುಚ್ಚಳ ತೆಗೆದಿಡುವ ಹಾಗಿಲ್ಲ.

ಜ್ವರ ಬಂದರೆ

ಈ ಜಿಲ್ಲೆಯಲ್ಲಿ ಜ್ವರ ಬಂದವರಿಗೆ ಡೆಂಗಿ ಒಂದೇ ಅನುಮಾನ ಅಲ್ಲ. ಮಲೇರಿಯಾ ಇರಬಹುದು, ಗದ್ದೆಯ ನೀರಿನಲ್ಲಿ ಇಳಿದವರಿಗೆ ಇಲಿಜ್ವರ ಇರಬಹುದು. ಕಾಡಿನಂಚಿನ ಊರಿನವರಿಗೆ ಮಂಗನ ಕಾಯಿಲೆಯೂ ಇರಬಹುದು. ಅದು ಸೊಳ್ಳೆಯಿಂದಲ್ಲ, ಉಣುಗಿನಿಂದ ಬರುವುದು. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಬೇಸಿಗೆಯ ಕೊನೆಗೆ ಡೆಂಗಿಯೂ ಶುರುವಾಗುವುದರಿಂದ ಎರಡೂ ಒಟ್ಟಿಗೇ ಇರುತ್ತವೆ, ಎರಡರಲ್ಲೂ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ ಕಣ ಇಳಿಯುತ್ತದೆ. ತರಗೆಲೆ ತರಲು, ದನ ಮೇಯಿಸಲು ಕಾಡಿಗೆ ಹೋಗಿದ್ದರೆ ಡಾಕ್ಟರಿಗೆ ತಾವಾಗಿಯೇ ಹೇಳಬೇಕು.

ಡೆಂಗಿ ಪರೀಕ್ಷೆಯಲ್ಲಿ ದಿನದ ಲೆಕ್ಕ ಮುಖ್ಯ. ಮೊದಲ ಐದು ದಿನ ವೈರಸ್‌ನ ಅಂಶ ಹುಡುಕುವ ಎನ್‌ಎಸ್1, ಆಮೇಲೆ ಪ್ರತಿಕಾಯ ಹುಡುಕುವ ಐಜಿಎಂ. ತಪ್ಪು ದಿನ ತಪ್ಪು ಪರೀಕ್ಷೆ ಮಾಡಿದರೆ ರೋಗ ಇದ್ದೂ ಇಲ್ಲ ಎಂದು ಬರಬಹುದು. 2024ರಲ್ಲಿ ಸರ್ಕಾರ ಖಾಸಗಿ ಲ್ಯಾಬುಗಳಿಗೆ ಇವುಗಳ ಎಲೈಸಾ (ಲ್ಯಾಬ್ ಯಂತ್ರದಲ್ಲಿ ಮಾಡುವ) ಪರೀಕ್ಷೆಗಳಿಗೆ ತಲಾ 300 ರೂಪಾಯಿ, ಬೇಗ ಫಲಿತಾಂಶ ಕೊಡುವ ಕಾರ್ಡ್ ಪರೀಕ್ಷೆಗೆ 250 ರೂಪಾಯಿ ಮಿತಿ ಹಾಕಿತು. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೇನ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ.

ಎಲ್ಲರ ಕಣ್ಣೂ ಪ್ಲೇಟ್ಲೆಟ್ ಸಂಖ್ಯೆಯ ಮೇಲಿರುತ್ತದೆ. ಪಪ್ಪಾಯಿ ಎಲೆಯ ರಸ, ಕಿವಿ ಹಣ್ಣು, ರಕ್ತ ಕೊಡುವವರಿಗಾಗಿ ವಾಟ್ಸಾಪ್ ಸಂದೇಶ. ಆದರೆ ರಕ್ತಸ್ರಾವ ಇಲ್ಲದಿದ್ದರೆ ಸಂಖ್ಯೆ 10 ಸಾವಿರಕ್ಕಿಂತ ಕೆಳಗೆ ಹೋಗುವವರೆಗೆ ಸಾಮಾನ್ಯವಾಗಿ ಪ್ಲೇಟ್ಲೆಟ್ ಏರಿಸುವ ಅಗತ್ಯ ಇಲ್ಲ. ಡೆಂಗಿಯಲ್ಲಿ ಜೀವ ಹೋಗುವುದು ಹೆಚ್ಚಾಗಿ ರಕ್ತನಾಳದಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯುವುದರಿಂದ. ಅದು ಆಗುವುದು ಜ್ವರ ಇಳಿಯುವ ಹೊತ್ತಿಗೆ, ಮೂರರಿಂದ ಏಳನೇ ದಿನದ ಒಳಗೆ. ಮನೆಯವರು ಜ್ವರ ಬಿಟ್ಟಿತು ಎಂದು ನಿರಾಳವಾಗುವ ಹೊತ್ತು ಅದು. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು, ಮೂತ್ರ ಕಡಿಮೆಯಾಗುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಇಲ್ಲಿ ದೂರದ ಪ್ರಶ್ನೆ ಬರುತ್ತದೆ. ಕಾರವಾರದಿಂದ ಮಣಿಪಾಲಕ್ಕೆ 200 ಕಿಲೋಮೀಟರಿಗೂ ಜಾಸ್ತಿ, ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100. ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ವರ್ಷಗಳಿಂದ ಇದೆ, ಅದು ನ್ಯಾಯವೂ ಹೌದು. ಆದರೆ ಡೆಂಗಿಯ ಮಟ್ಟಿಗೆ ಹೆಚ್ಚಿನವರನ್ನು ಉಳಿಸಲು ದೊಡ್ಡ ಯಂತ್ರ ಬೇಕಿಲ್ಲ. ದಿನಕ್ಕೆ ಎರಡು ಮೂರು ಸಲ ರಕ್ತದ ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ನೋಡುವ ಲ್ಯಾಬ್, ಅಳೆದು ಸಲೈನ್ ಕೊಡುವ ಕೈ, ರಾತ್ರಿ ಎದ್ದು ಬಿಪಿ ನೋಡುವ ನರ್ಸ್ ಇದ್ದರೆ ಬಹುಪಾಲು ಆಗುತ್ತದೆ. ಇಷ್ಟನ್ನು ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ 24 ಗಂಟೆ ಇಡಲು ಆಗುತ್ತದೆಯೇ ಎಂಬುದನ್ನು ಫಾಗಿಂಗ್ ಮನವಿಯ ಜೊತೆಗೇ ಕೇಳಬೇಕು. ಅಷ್ಟೂ ಇಲ್ಲದ ಕಡೆ ರೋಗಿಯನ್ನು ಕಳಿಸುವ ತೀರ್ಮಾನ ಅಪಾಯದ ಲಕ್ಷಣ ಶುರುವಾದ ಕೂಡಲೇ ಆಗಬೇಕು. ಬಿಪಿ ಬಿದ್ದ ಮೇಲೆ ಆಂಬುಲೆನ್ಸ್ ಹತ್ತಿಸಿದರೆ ಹೆದ್ದಾರಿಯ ಮೂರು ನಾಲ್ಕು ತಾಸು ಕಳೆಯುವುದು ಕಷ್ಟ.